ಗಜದ ಸದ್ದು ಕೇಳಿಸಿದ ಮೇಲೆಯೇ ಕೋವಿ ಮನೆಯೊಳಗೆ

ಕಡಲೆಕಾಯಿ ಬಲಿಯುವ ಹೊತ್ತಿಗೆ ಮಧುಗಿರಿ, ಪಾವಗಡದ ಕಡೆಯ ರೈತರಿಗೆ ರಾತ್ರಿಯ ನಿದ್ದೆ ಇರುವುದಿಲ್ಲ. ಹಂದಿಯ ಹಿಂಡು ಒಂದು ಸಲ ನುಗ್ಗಿದರೆ ಸಾಕು, ಬೆಳಗಾಗುವುದರೊಳಗೆ ಹೊಲ ಉತ್ತ ಹಾಗೆ ಬುಡಮೇಲಾಗಿರುತ್ತದೆ. ಅದಕ್ಕಾಗಿಯೇ ಮಾವನವರ ಕಾಲದಿಂದಲೂ ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಒಂಟಿ ನಳಿಗೆಯ ಕೋವಿ ಇದೆ. ನಳಿಗೆಯ ಬಾಯಿಯಿಂದ ಮದ್ದು ಮತ್ತು ಚರೆ ಎನ್ನುವ ಸಣ್ಣ ಗುಂಡುಗಳನ್ನು ತುಂಬಿ, ಗಜ ಎನ್ನುವ ಉದ್ದನೆಯ ಕಬ್ಬಿಣದ ಸರಳಿನಿಂದ ದಟ್ಟಿಸಿ, ಪೆಟ್ಟು ಬಿದ್ದರೆ ಸಿಡಿದು ಮದ್ದನ್ನು ಹೊತ್ತಿಸುವ ಪುಟ್ಟ ಕೇಪನ್ನು ಹಿಂದುಗಡೆ ಇಟ್ಟು ಹೊಡೆಯುವಂಥದ್ದು. ಗಡಿಯ ಊರುಗಳಲ್ಲಿ ತೆಲುಗು ಮನೆಮಾತಿನವರು ಇದನ್ನೇ ತುಪಾಕಿ ಎನ್ನುತ್ತಾರೆ. ನಾನು ಅದನ್ನು ಒಂದು ದಿನವೂ ಹೆಗಲಿಗೇರಿಸಿದವಳಲ್ಲ. ಆದರೆ ಅದು ಇರುವ ಮನೆಯಲ್ಲಿ ನಾಲ್ಕು ಮಕ್ಕಳನ್ನೂ ಏಳು ಮೊಮ್ಮಕ್ಕಳನ್ನೂ ಬೆಳೆಸಿದ್ದೇನೆ. ಕೋವಿ ಇರುವ ಮನೆಗೆ ಸೊಸೆಯಾಗಿ ಹೋಗುವ ಹೆಣ್ಣುಮಕ್ಕಳಿಗೆ, ಲೈಸೆನ್ಸ್ ಹೊಸದಾಗಿ ಪಡೆದ ಹುಡುಗರಿಗೆ ನಾನು ಹೇಳುತ್ತಾ ಬಂದಿರುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ. ನಾನು ಮದುವೆಯಾಗಿ ಬಂದ ಐದನೆಯ ವರ್ಷ. ನಮ್ಮ ಯಜಮಾನರು ಹೊಲ ಕಾದು ಬೆಳಗಿನ ಜಾವ ಬಂದರು. ಆ ರಾತ್ರಿ ಹಂದಿ ಬಂದಿರಲಿಲ್ಲ, ತುಂಬಿದ ಮದ್ದು ನಳಿಗೆಯಲ್ಲಿಯೇ ಇತ್ತು. ಕೇಪು ತೆಗೆದು ಬೆಂಕಿಪೊಟ್ಟಣದಲ್ಲಿ ಹಾಕಿ, ಪೊಟ್ಟಣವನ್ನು ಗೂಡಿನಲ್ಲಿಟ್ಟು, ಕೋವಿಯನ್ನು ನಡುಮನೆಯ ಮೂಲೆಗೆ ಒರಗಿಸಿ ಮಲಗಿದರು. ಕೇಪು ತೆಗೆದಿದ್ದೇನೆ, ಇನ್ನೇನು ಭಯ ಎನ್ನುವುದು ಆಗಿನ ಎಲ್ಲರ ಮಾತು. ಬೇಸಿಗೆಗೆ ಬಂದು ಶಾಲೆ ಶುರುವಾದರೂ ನಮ್ಮಲ್ಲೇ ಉಳಿದಿದ್ದ ನಾದಿನಿಯ ಮಗನಿಗೆ ಒಂಬತ್ತು ವರ್ಷ. ಅವನು ಮಾವನ ಕೈಗಳನ್ನು ದಿನವೂ ನೋಡಿದ್ದ. ಪೊಟ್ಟಣ ತೆರೆದ, ಒಂದು ಕೇಪನ್ನು ಅದರ ಜಾಗದಲ್ಲಿ ಸರಿಯಾಗಿ ಕೂರಿಸಿದ, ಕೇಪಿಗೆ ಬಡಿಯುವ ಕುದುರೆಯನ್ನು ಹಿಂದಕ್ಕೆಳೆದು ಬಿಟ್ಟ. ನಾನು ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದೆ. ಚರೆಯೆಲ್ಲ ರಾಗಿ ಚೀಲಗಳಿಗೆ ಹೊಕ್ಕಿತು. ಮನೆಯೆಲ್ಲ ಹೊಗೆ, ನೆಲದ ಮೇಲೆ ರಾಗಿ ಸುರಿಯುವ ಸದ್ದು. ಹುಡುಗನಿಗೆ ನಾಲ್ಕೈದು ದಿನ ಕಿವಿ ಗುಂಯ್ ಎನ್ನುತ್ತಿತ್ತು, ಬೇರೇನೂ ಆಗಲಿಲ್ಲ. ಆ ಚೀಲಗಳ ಪಕ್ಕದಲ್ಲಿಯೇ ತೊಟ್ಟಿಲು ಇತ್ತು. ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಡುಗುತ್ತದೆ.

ಎಲ್ಲರೂ ಹುಡುಗನನ್ನು ಬೈದರು, ನಾನು ಬೈಯಲಿಲ್ಲ. ತುಂಬಿದ ಕೋವಿಯನ್ನು ಮನೆಯೊಳಗೆ ತಂದವರು ದೊಡ್ಡವರು, ಕೇಪನ್ನು ಕೈಗೆ ಸಿಗುವಲ್ಲಿ ಇಟ್ಟವರೂ ದೊಡ್ಡವರೇ. ಮಕ್ಕಳಿಗೆ ಕಲಿಸುವ ಪಾಠಕ್ಕೂ ಮೊದಲು ಹಿರಿಯರ ಕೈಗೆ ಅಭ್ಯಾಸ ಬರಬೇಕೆಂದು ಅಂದೇ ನನ್ನ ಮನಸ್ಸಿಗೆ ಬಂತು.

ಅಂದಿನಿಂದ ನಮ್ಮ ಹೊಸಿಲಲ್ಲಿ ಒಂದು ಕಟ್ಟುಪಾಡು. ಹೊಲದಿಂದ ಬಂದವರು ಅಂಗಳದಲ್ಲಿಯೇ ನಿಂತು ಗಜದ ಸದ್ದನ್ನು ಕೇಳಿಸಬೇಕು. ಕೇಪು ಮೊದಲೇ ತೆಗೆದಿರಬೇಕು, ಕುದುರೆ ಕೆಳಗಿರಬೇಕು, ನಳಿಗೆಯ ಬಾಯಿ ಆಕಾಶಕ್ಕಿರಬೇಕು, ಮುಖವಾಗಲಿ ಅಂಗೈಯಾಗಲಿ ಆ ಬಾಯಿಗೆ ಅಡ್ಡ ಬರಬಾರದು. ಗಜವನ್ನು ನಿಧಾನವಾಗಿ ಒಳಗೆ ಇಳಿಸಬೇಕು. ಖಾಲಿ ನಳಿಗೆಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದಕ್ಕೆ ಗಜದ ಮೇಲೆ ಅರದಿಂದ ಒಂದು ಗೀರು ಹಾಕಿಸಿದ್ದೇವೆ. ಗೀರು ನಳಿಗೆಯ ಅಂಚಿಗೆ ಸರಿಯಾಗಿ ಬಂದರೆ ಖಾಲಿ. ನಾಲ್ಕು ಬೆರಳು ಮೇಲೆಯೇ ನಿಂತರೆ ಒಳಗೆ ಮದ್ದು ಇದೆ. ಗೀರು ಅಂಚಿಗೆ ಬಂದ ಮೇಲೆ ಗಜವನ್ನು ಗೇಣುದ್ದ ಎತ್ತಿ ಬಿಟ್ಟರೆ ಖಾಲಿ ನಳಿಗೆಯ ತಳಕ್ಕೆ ಕಬ್ಬಿಣ ತಾಗಿ ಟಣ್ ಎನ್ನುತ್ತದೆ. ಮದ್ದು ಇದ್ದರೆ ಆ ಸದ್ದು ಬರುವುದಿಲ್ಲ, ಮೂಟೆಗೆ ಗುದ್ದಿದ ಹಾಗೆ ಧಪ್ ಎನ್ನುತ್ತದೆ. ಒಲೆಯ ಮುಂದೆ ಕುಳಿತಿದ್ದರೂ ನನಗೆ ಆ ಟಣ್ ಕೇಳಿಸಬೇಕು. ಕೇಳಿಸದಿದ್ದರೆ ಕೋವಿ ಒಳಗೆ ಬರುವ ಹಾಗಿಲ್ಲ. ಮದ್ದು ಉಳಿದಿದ್ದರೆ ಹೊಲದಲ್ಲೇ ಹಿಂದೆ ಯಾರೂ ಇಲ್ಲದ ಮಣ್ಣಿನ ದಿಣ್ಣೆಗೆ ಹೊಡೆದು ಖಾಲಿ ಮಾಡಿಕೊಂಡು ಬರಬೇಕು. ಒಂದು ಹಿಡಿ ಮದ್ದು ದಂಡವಾಗುತ್ತದೆ ಎಂದು ಯಜಮಾನರು ಮೊದಮೊದಲು ಗೊಣಗಿದರು. ಆಗಲಿ, ಅದು ದಂಡವಾಗಲಿ ಎಂದೆ. ತುಂಬಿಟ್ಟ ಮದ್ದು ತೇವ ಎಳೆದುಕೊಂಡು ನಳಿಗೆಗೂ ತುಕ್ಕು ಹಿಡಿಸುತ್ತದೆ ಎಂದು ಆಮೇಲೆ ಅವರೇ ಒಪ್ಪಿದರು.

ತೋಟಾ, ಅಂದರೆ ಮದ್ದುಗುಂಡು ಮೊದಲೇ ತುಂಬಿರುವ ಕಾಡತೂಸು, ಹಾಕುವ ಕೋವಿ ಇರುವವರಿಗೆ ಈ ಕೆಲಸ ಸುಲಭ. ಮಡಿಚಿ ತೆರೆದು, ತೋಟಾ ತೆಗೆದು, ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ಎಂದು ಹಿಂದುಗಡೆಯಿಂದ ನೋಡಬೇಕು. ಜೋಡಿ ನಳಿಗೆಯಾದರೆ ಎರಡನ್ನೂ ನೋಡಬೇಕು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವಾಗ ತೆರೆದೇ ಕೊಡಬೇಕು. ತೆಗೆದುಕೊಂಡವರು ಈಗ ತಾನೇ ಅವರು ನೋಡಿದರಲ್ಲ ಎಂದು ಸುಮ್ಮನಿರದೆ ತಾವೂ ಒಮ್ಮೆ ನೋಡಬೇಕು. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಟ್ಟು, ಮುಗಿದ ಮೇಲೆ ಮರಳಿ ತರುವ ಕೋವಿಗೂ ನಮ್ಮ ಮನೆಯಲ್ಲಿ ಅದೇ ಅಂಗಳ, ಅದೇ ಗಜ. ಯಾವ ಕೋವಿಯನ್ನೂ ತುಂಬಿದೆ ಎಂದೇ ತಿಳಿದು ಹಿಡಿಯಬೇಕು, ಖಾಲಿ ಎಂದು ಈಗಷ್ಟೇ ನೋಡಿದ್ದನ್ನೂ ಸಹ. ಬಾಯಿ ಯಾವ ಜೀವದ ಕಡೆಗೂ ತಿರುಗಬಾರದು. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್‌ನಿಂದ ಹೊರಗೆ, ಕೋವಿಯ ಮರದ ಭಾಗದ ಮೇಲೆ ನೇರವಾಗಿ ಚಾಚಿರಬೇಕು.

ಇಡುವ ವಿಷಯ. ಕೋವಿಗೆ ಕಬ್ಬಿಣದ ಉದ್ದನೆಯ ಪೆಟ್ಟಿಗೆ, ಗೋಡೆಗೆ ಬೋಲ್ಟ್ ಹಾಕಿ ಬಿಗಿದದ್ದು. ಮದ್ದು ಇನ್ನೊಂದು ಕಡೆ, ಬೀಗದೊಳಗೆ, ಒಲೆಯಿಂದಲೂ ದೇವರ ಮನೆಯ ದೀಪದಿಂದಲೂ ಬೀಡಿ ಸೇದುವ ಜಗಲಿಯಿಂದಲೂ ದೂರ. ಕೇಪು ಮೂರನೆಯ ಕಡೆ. ಕೇಪಿನ ವಿಷಯದಲ್ಲಿ ಜನರಿಗೆ ಅಸಡ್ಡೆ ಹೆಚ್ಚು, ಏಕೆಂದರೆ ಅದು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ನೋಡಲು ಮುದ್ದಾಗಿರುತ್ತದೆ. ಆದರೆ ಪೆಟ್ಟು ಬಿದ್ದರೆ ಸಿಡಿಯುವುದೇ ಅದರ ಗುಣ. ಮಕ್ಕಳ ಕೈಗೆ ಸಿಕ್ಕರೆ ಅವರು ಮೊದಲು ಮಾಡುವ ಕೆಲಸ ಕಲ್ಲಿನಿಂದ ಜಜ್ಜುವುದು. ಕಣ್ಣು ಹೋಗಲು ಅಷ್ಟು ಸಾಕು. ಆದ್ದರಿಂದ ಬೆಂಕಿಪೊಟ್ಟಣ, ಅಂಗಿಯ ಜೇಬು, ಗೂಡು ಇವೆಲ್ಲ ಬೇಡ. ಕೀಲಿಗಳನ್ನು ಮೊಳೆಗೆ ತೂಗುಹಾಕಿದರೆ ಬೀಗ ಹಾಕಿದ್ದೇ ವ್ಯರ್ಥ. ಹಾಸಿಗೆಯ ಕೆಳಗೆ, ಕ್ಯಾಲೆಂಡರಿನ ಹಿಂದೆ ನಾವು ಬಚ್ಚಿಟ್ಟದ್ದೆಲ್ಲ ಮನೆಯ ಮಕ್ಕಳಿಗೆ ಗೊತ್ತಿರುತ್ತದೆ. ಯಜಮಾನರು ಬದುಕಿರುವವರೆಗೆ ಕೀಲಿ ಅವರ ಉಡಿದಾರದಲ್ಲಿ ಇತ್ತು, ಸ್ನಾನಕ್ಕೆ ಹೋದರೂ ಬಿಚ್ಚುತ್ತಿರಲಿಲ್ಲ. ಅವರು ತೀರಿಕೊಂಡ ವಾರದೊಳಗೆ ಕೋವಿಯನ್ನು ಠಾಣೆಗೆ ಒಪ್ಪಿಸಿದೆವು. ಲೈಸೆನ್ಸ್ ಒಬ್ಬರ ಹೆಸರಿನದು, ಅವರ ನಂತರ ಅದು ತಾನಾಗಿ ಮಕ್ಕಳಿಗೆ ಇಳಿಯುವುದಿಲ್ಲ. ಹಿರಿಯ ಮಗನ ಹೆಸರಿಗೆ ಲೈಸೆನ್ಸ್ ಆದ ಮೇಲೆ ಕೋವಿ ಬಂತು, ಕೀಲಿ ಅವನ ಉಡಿದಾರಕ್ಕೆ ಹೋಯಿತು.

ಹೊಲದಲ್ಲಿ ಹೇಗಿರಬೇಕೆಂಬುದನ್ನು ಗಂಡಸರೇ ಹೆಚ್ಚು ಬಲ್ಲರು, ನಾನು ಎರಡೇ ಮಾತು ಹೇಳುತ್ತೇನೆ. ಬೇಲಿ ದಾಟುವಾಗ ಕೇಪು ತೆಗೆದು, ಕೋವಿಯನ್ನು ಬೇಲಿಯ ಆಚೆ ನೆಲದ ಮೇಲೆ ಮಲಗಿಸಿ ಆಮೇಲೆ ದಾಟಬೇಕು. ದಾಟಿದ ಮೇಲೆ ಬಾಯಿ ಹಿಡಿದು ತಮ್ಮ ಕಡೆಗೆ ಎಳೆದುಕೊಳ್ಳಬಾರದು. ಕುದುರೆ ಬಿದ್ದರೂ ಮದ್ದು ಹೊತ್ತದಿದ್ದರೆ ಏನಾಯಿತೆಂದು ತಿರುಗಿಸಿ ನೋಡದೆ, ಒಂದೆರಡು ನಿಮಿಷ ಬಾಯಿಯನ್ನು ಹಾಗೆಯೇ ಖಾಲಿ ಕಡೆಗೆ ಹಿಡಿದಿರಬೇಕು. ತೇವದ ಮದ್ದು ತಡವಾಗಿ ಹೊತ್ತುವುದುಂಟು. ಇನ್ನು, ಕತ್ತಲಲ್ಲಿ ಪೊದೆ ಅಲುಗಿತೆಂದು ಹೊಡೆಯುವುದು ಮಹಾಪಾಪ. ಹಂದಿ ಎಂದು ತಿಳಿದು ಪಕ್ಕದ ಹೊಲದ ಕಾವಲಿನವನಿಗೇ ಹೊಡೆದ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದಿದ್ದೇವೆ. ನಮ್ಮ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿಯೇ ಕೃಷ್ಣಮೃಗಗಳಿಗೆ ಮೀಸಲು ಪ್ರದೇಶ ಆಗಿದೆ, ಅವೂ ಹೊಲಕ್ಕೆ ಬರುತ್ತವೆ. ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಕಂಡ ಕಾಡುಪ್ರಾಣಿಯನ್ನು ಕೊಲ್ಲಲು ಕೊಟ್ಟ ಅನುಮತಿಯಲ್ಲ. ನಮ್ಮ ಮನೆಯವರು ಸದ್ದಿಗಾಗಿ ಮಾತ್ರ, ಚರೆ ಹಾಕದೆ ಹೊಡೆಯುತ್ತಾರೆ. ಹಂದಿ ಓಡಲು ಅದು ಸಾಕು.

ಈಗ ಮಕ್ಕಳ ಮಾತು. ಮುಟ್ಟಬೇಡ ಎಂದು ಹತ್ತು ಸಲ ಹೇಳಿದ್ದೇವಲ್ಲ ಎಂದು ನೆಮ್ಮದಿಯಾಗಿರುವ ತಾಯಂದಿರು ಇದನ್ನು ಕೇಳಬೇಕು. ಅಮೆರಿಕದ ವೈದ್ಯರು 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಶಿಕ್ಷಕಿಯಾಗಿರುವ ನನ್ನ ಸೊಸೆ ನನಗೆ ಓದಿ ಹೇಳಿದಳು. 8ರಿಂದ 12 ವರ್ಷದ 64 ಹುಡುಗರನ್ನು ಇಬ್ಬರು ಮೂವರಂತೆ ಒಂದು ಕೋಣೆಯಲ್ಲಿ ಬಿಟ್ಟರಂತೆ. ಅಲ್ಲಿನ ಡ್ರಾಯರ್‌ನಲ್ಲಿ ಗುಂಡಿಲ್ಲದ ನಿಜವಾದ ಪಿಸ್ತೂಲು ಇತ್ತು. 48 ಹುಡುಗರಿಗೆ ಅದು ಸಿಕ್ಕಿತು, 30 ಮಂದಿ ಕೈಗೆತ್ತಿಕೊಂಡರು, 16 ಮಂದಿ ಟ್ರಿಗರ್ ಎಳೆದರು. ಎತ್ತಿಕೊಂಡವರಲ್ಲಿ ಬಹುತೇಕ ಎಲ್ಲರಿಗೂ ಮೊದಲೇ ಯಾರಾದರೂ ಬುದ್ಧಿ ಹೇಳಿದ್ದರು. ಅಮೆರಿಕದ ಹುಡುಗರಾದರೇನು, ನನ್ನ ನಾದಿನಿಯ ಮಗನಾದರೇನು, ಆ ವಯಸ್ಸಿನ ಕೈ ಒಂದೇ. ಹೀಗಾಗಿ ಮಗುವಿಗೆ ಎಷ್ಟೇ ಚೆನ್ನಾಗಿ ಕಲಿಸಿದ್ದರೂ ಬೀಗದ ಬಿಗಿಯನ್ನು ಎಳ್ಳಷ್ಟೂ ಸಡಿಲಿಸಬೇಡಿ.

ಕಲಿಸುವುದನ್ನು ಬಿಡಬೇಡಿ ಎಂದೂ ಅಷ್ಟೇ ಒತ್ತಿ ಹೇಳುತ್ತೇನೆ, ಏಕೆಂದರೆ ಮಗು ನಮ್ಮ ಮನೆಯಲ್ಲಿ ಮಾತ್ರ ಇರುವುದಿಲ್ಲ. ಏಳೆಂಟು ವರ್ಷದೊಳಗಿನ ಮಕ್ಕಳಿಗೆ ನಾನು ಹೇಳಿಕೊಡುವುದು ಇಷ್ಟೇ: ಕಂಡರೆ ನಿಲ್ಲು, ಮುಟ್ಟಬೇಡ, ಅಲ್ಲಿಂದ ಬಾ, ದೊಡ್ಡವರಿಗೆ ಹೇಳು. ಬಾಯಿಪಾಠ ಮಾಡಿಸಿದರೆ ಗಿಳಿಯ ಹಾಗೆ ಒಪ್ಪಿಸುತ್ತವೆ, ಕಾಲಿಗೆ ಅದು ಇಳಿದಿರುವುದಿಲ್ಲ. ಆದ್ದರಿಂದ ಆಟ ಆಡಿಸುತ್ತೇನೆ. ಆಟಿಕೆಯ ಪಿಸ್ತೂಲನ್ನು ಹಿತ್ತಲಲ್ಲೋ ಹಗೇವಿನ ಪಕ್ಕದಲ್ಲೋ ಇಟ್ಟು ಮಗುವನ್ನು ಅತ್ತ ಕಳಿಸುತ್ತೇನೆ. ಓಡಿ ಬಂದು ಅಜ್ಜಿ, ಅಲ್ಲೊಂದು ಕೋವಿ ಎಂದರೆ ಕೈಗೆ ಕಡಲೆಕಾಯಿ, ಬೆಲ್ಲ. ನಿಜವಾದ ಕೋವಿಯಿಂದ ಈ ಆಟವನ್ನು ಎಂದೂ ಆಡಿಸಬಾರದು. ಹೇಳಲು ಬಂದ ಮಗುವನ್ನು ನೀನು ಅಲ್ಲಿಗೇಕೆ ಹೋದೆ ಎಂದು ಗದರಿದರೆ ಮುಂದಿನ ಸಲ ಅದು ಹೇಳುವುದಿಲ್ಲ. ಈ ತಪ್ಪನ್ನು ನಮ್ಮ ಗಂಡಸರು ಮಾಡುವುದನ್ನು ನಾನು ಬಹಳ ಸಲ ತಡೆದಿದ್ದೇನೆ.

ಹತ್ತು ವರ್ಷ ದಾಟಿದ ಮಕ್ಕಳನ್ನು ಕೋವಿ ಒರೆಸಿ ಎಣ್ಣೆ ಹಾಕುವ ದಿನ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಇದು ಏನು, ಅದು ಏಕೆ ಎಂದು ಕೇಳಲಿ, ಹೇಳಿ. ನೋಡಬೇಕೆನಿಸಿದಾಗ ಕೇಳು, ತೋರಿಸುತ್ತೇನೆ ಎಂದು ತಂದೆ ಮಾತು ಕೊಟ್ಟಿದ್ದರೆ ಕದ್ದು ನೋಡುವ ಚಪಲ ಅರ್ಧ ಇಳಿಯುತ್ತದೆ. ಮುಚ್ಚಿಟ್ಟು ಹೆದರಿಸಿದ ಮನೆಗಳಲ್ಲಿಯೇ ಮಕ್ಕಳು ಕದ್ದು ಮುಟ್ಟುವುದನ್ನು ನಾನು ಕಂಡಿದ್ದೇನೆ. ಆದರೆ ತೋರಿಸುವುದು ಬೇರೆ, ಕೈಗೆ ಕೊಟ್ಟು ಹೊಡೆಸುವುದು ಬೇರೆ. 21 ವರ್ಷ ತುಂಬದವರಿಗೆ ಕಾನೂನು ಲೈಸೆನ್ಸನ್ನೇ ಕೊಡುವುದಿಲ್ಲ. ಗುರಿಯ ಆಸೆ ಇದ್ದರೆ ಎನ್‌ಸಿಸಿ ಇದೆ, ತರಬೇತುದಾರರಿರುವ ರೈಫಲ್ ಕ್ಲಬ್‌ಗಳಿವೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲಿನ ಸ್ಪರ್ಧೆಗಳಲ್ಲಿ ಎರಡು ಕಂಚು ಗೆದ್ದಾಗ ನನ್ನ ಮೊಮ್ಮಗಳು ಟಿವಿಯ ಮುಂದಿನಿಂದ ಏಳಲಿಲ್ಲ. ಅಂಥ ಸ್ಪರ್ಧೆಗಳಲ್ಲಿ ಹೊಡೆಯದಿರುವ ಹೊತ್ತೆಲ್ಲ ಪಿಸ್ತೂಲಿನೊಳಗೆ ಎದ್ದು ಕಾಣುವ ಬಣ್ಣದ ಸುರಕ್ಷಾ ಎಳೆಯೊಂದನ್ನು ತೂರಿಸಿಡಬೇಕು, ಖಾಲಿ ಎಂದು ದೂರದಿಂದಲೇ ತಿಳಿಯಲು. ಅಜ್ಜಿ, ಅದು ನಮ್ಮ ಗಜದ ಹಾಗೆ ಎಂದು ಅವಳೇ ಹೇಳಿದಳು. ನನಗೆ ಬಹಳ ಸಂತೋಷವಾಯಿತು.

ಏರ್‌ಗನ್‌ ಅನ್ನು ಆಟಿಕೆಯೆಂದು ತಿಳಿದು ಮಕ್ಕಳಿಗೆ ಕೊಡುವವರ ಮೇಲೆ ನನಗೆ ಸಿಟ್ಟಿದೆ. ಸಣ್ಣದಕ್ಕೆ ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಅದರ ಸೀಸದ ಗುಂಡು ಕಣ್ಣನ್ನು ಬಿಡುವುದಿಲ್ಲ. ದೀಪಾವಳಿಯ ರೋಲ್ ಕೇಪಿನ ಪಿಸ್ತೂಲನ್ನೂ ನಮ್ಮ ಮನೆಯಲ್ಲಿ ಯಾರ ಮುಖಕ್ಕೂ ಹಿಡಿಯುವಂತಿಲ್ಲ. ಆಯುಧಪೂಜೆಯ ದಿನ ಕೋವಿಗೆ ಕುಂಕುಮ ಇಟ್ಟು ನೇಗಿಲು, ಕುಡುಗೋಲಿನ ಜೊತೆ ಇಡುತ್ತೇವೆ. ಮನೆ ತುಂಬ ಮಕ್ಕಳು, ಊದುಬತ್ತಿ, ಕರ್ಪೂರ. ಅಂದು ಮದ್ದು, ಕೇಪು ಪೂಜೆಗೆ ಬರುವುದಿಲ್ಲ, ಮಂಗಳಾರತಿಗೂ ಮೊದಲು ಎಲ್ಲರೆದುರು ಗಜ ಇಳಿಸುತ್ತಾರೆ. ಮದುವೆ, ಜಾತ್ರೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವುದಂತೂ ಬೇಡವೇ ಬೇಡ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಹಾಗೆ ಸಂಭ್ರಮಕ್ಕೆ ಹೊಡೆದು ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ ಆಗಬಹುದು.

ಹೇಳಲು ಕಷ್ಟವಾದ ಒಂದು ಮಾತಿದೆ. ಮಳೆ ಕೈಕೊಟ್ಟು, ಸಾಲಗಾರರು ಬಾಗಿಲಿಗೆ ಬಂದು, ಮನೆಯ ಗಂಡಸು ಊಟ ಬಿಟ್ಟು ಗೋಡೆ ನೋಡುತ್ತಾ ಕುಳಿತನೆಂದರೆ ಕೋವಿ ಆ ಮನೆಯಲ್ಲಿ ಇರಬಾರದು. ಅಣ್ಣತಮ್ಮಂದಿರು ಬದುವಿಗಾಗಿ ಜಗಳಕ್ಕೆ ನಿಂತಾಗಲೂ, ಕುಡಿತ ಮನೆಗೆ ಹೊಕ್ಕಾಗಲೂ ಹಾಗೆಯೇ. ಠಾಣೆಯಲ್ಲಾಗಲಿ ಪರವಾನಗಿ ಇರುವ ಕೋವಿ ಅಂಗಡಿಯಲ್ಲಾಗಲಿ ಠೇವಣಿ ಇಡಲು ಅವಕಾಶವಿದೆ, ಅದರಲ್ಲಿ ಅವಮಾನವೇನೂ ಇಲ್ಲ. ಒಂದು ಬರಗಾಲದ ವರ್ಷ ನಾನೇ ಹಟ ಹಿಡಿದು ಯಜಮಾನರಿಂದ ಆ ಕೆಲಸ ಮಾಡಿಸಿದ್ದೆ. ಕಾರಣವನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಕ್ಕಳನ್ನು ರಜೆಗೆ ನೆಂಟರ ಮನೆಗೆ ಕಳಿಸುವಾಗ ನಿಮ್ಮಲ್ಲಿ ಕೋವಿ ಇದೆಯೇ, ಎಲ್ಲಿಟ್ಟಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ. ಬಾವಿಗೆ ಕಟ್ಟೆ ಇದೆಯೇ ಎಂದು ಕೇಳುವುದಿಲ್ಲವೇ, ಹಾಗೆ. ಹೊಲದ ಬದುವಿನಲ್ಲಿ, ಕಲ್ಲುಕ್ವಾರಿಯ ಪಕ್ಕದಲ್ಲಿ ಬಿದ್ದ ವಸ್ತುಗಳಿಗೂ ಅದೇ ಪಾಠ ಸಲ್ಲುತ್ತದೆಂದು ಮಕ್ಕಳಿಗೆ ಹೇಳಿ. ಹಂದಿಗೆಂದು ಇಡುವ ಸಿಡಿಮದ್ದಿನ ಉಂಡೆಯನ್ನು ಕಚ್ಚಿ ಬಾಯಿ ಛಿದ್ರವಾದ ಹಸುವನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಗುವಿನ ಕಣ್ಣಿಗೆ ಅದು ಚೆಂಡು. ಕ್ವಾರಿಯಲ್ಲಿ ಬಂಡೆ ಸಿಡಿಸುವ ಜಿಲೆಟಿನ್ ಕಡ್ಡಿಯಂತೂ ದೊಡ್ಡವರನ್ನೇ ಬಿಡಲಿಲ್ಲ, 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಳ್ಳಿಯಲ್ಲಿ ಅದು ಸಿಡಿದು ಆರು ಜನ ಸತ್ತರು. ವೈರು ಜೋಡಿಸಿದ ಸಣ್ಣ ಕೊಳವೆ, ಕಾಗದ ಸುತ್ತಿದ ಕಡ್ಡಿ, ದಾರ ಬಿಗಿದ ಉಂಡೆ ಏನೇ ಕಂಡರೂ ಕಾಲಿನಿಂದಲೂ ಒದೆಯಬಾರದು. ನಿಂತು, ಬಂದ ದಾರಿಯಲ್ಲಿಯೇ ಹಿಂದಿರುಗಿ, ಮನೆಯಲ್ಲಿ ಹೇಳಬೇಕು. ಕೇಳಿದ ದೊಡ್ಡವರೂ ಅದನ್ನು ಎತ್ತಿ ಎಸೆಯಲು ಹೋಗದೆ, ಮಕ್ಕಳನ್ನೂ ದನಗಳನ್ನೂ ಆ ಕಡೆಯಿಂದ ಹೊಡೆದುಕೊಂಡು ಬಂದು 112ಕ್ಕೆ ಫೋನ್ ಮಾಡಲಿ.