ತೆಂಗಿನ ನಾರು ಎತ್ತಿಟ್ಟ ಮೇಲೆ

ಮೊದಲ ಆರು ತಿಂಗಳು ನಮ್ಮ ಜೀಬ್ರಾ ಫಿಂಚ್ ಹಕ್ಕಿಗಳು ಮೊಟ್ಟೆ ಇಟ್ಟಿದ್ದೇ ಇಟ್ಟಿದ್ದು. ಮರಿ ಮಾತ್ರ ಒಂದೂ ಇಲ್ಲ.

ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಪಕ್ಕ ಆರಡಿ ಉದ್ದದ ಜಾಲರಿ ಮನೆ ಮಾಡಿಸಿದ್ದೆ. ಬೆಕ್ಕು, ಇಲಿಯ ಭಯಕ್ಕೆ ಅರ್ಧ ಇಂಚಿನ ಜಾಲರಿ. ಇರುವೆ ಹತ್ತದಂತೆ ಕಾಲುಗಳ ಕೆಳಗೆ ನೀರಿನ ಬಟ್ಟಲು. ಒಳಗೆ ನಾಲ್ಕು ಜೋಡಿ. ಗಂಡಿಗೆ ಕೆನ್ನೆ ಮೇಲೆ ಕಿತ್ತಳೆ ಬೊಟ್ಟು, ಎದೆಯಲ್ಲಿ ಪಟ್ಟೆ. ಪೂರ್ತಿ ಬಿಳಿ ಹಕ್ಕಿಯಾದರೆ ಕೊಕ್ಕು ನೋಡಬೇಕು, ಗಂಡಿನದು ಕಡುಗೆಂಪು, ಹೆಣ್ಣಿನದು ಕಿತ್ತಳೆ. ಇವು ಮೂಲತಃ ಆಸ್ಟ್ರೇಲಿಯಾ ಕಡೆಯವು. ನಮ್ಮ ಗದ್ದೆ ಬಯಲಿನ ರಾಟವಾಳ (ಮುನಿಯಾ) ಹಕ್ಕಿಯನ್ನೇ ಹಿಡಿದು ಸಾಕಬಹುದಲ್ವಾ ಎಂದು ಕೇಳುವವರಿದ್ದಾರೆ. ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ಸರಿ, ಮರಿ ಯಾಕಾಗಲಿಲ್ಲ? ತಪ್ಪು ನನ್ನದೇ. ಗೂಡಿಗೆ ಮಣ್ಣಿನ ಕುಡಿಕೆ ಕಟ್ಟಿ, ಕೆಳಗೆ ತೆಂಗಿನ ನಾರು, ಒಣಹುಲ್ಲು ರಾಶಿ ಹಾಕಿದ್ದೆ. ಧಾರಾಳವಾಗಿ ಇರಲಿ ಅಂತ. ಒಂದು ದಿನ ವಾಸನೆ ಬಂತೆಂದು ಒಂದು ಕುಡಿಕೆ ಬಿಚ್ಚಿದೆ. ಮೇಲೆ ನಾಲ್ಕು ಮೊಟ್ಟೆ. ಅದರಡಿ ಒಂದು ಪದರ ನಾರು. ನಾರಿನಡಿ ಐದು ಹಳೇ ಮೊಟ್ಟೆ, ತಣ್ಣಗೆ. ಎದುರಿಗೆ ನಾರು ಕಾಣುತ್ತಿರುವಷ್ಟು ದಿನ ಗಂಡು ತಂದು ತುರುಕುತ್ತಲೇ ಇತ್ತು. ಇಟ್ಟ ಮೊಟ್ಟೆ ಮುಚ್ಚಿಹೋಗುತ್ತಿತ್ತು, ಹೆಣ್ಣು ಅದರ ಮೇಲೆ ಮತ್ತೆ ಇಡುತ್ತಿತ್ತು.

ಅವತ್ತಿನಿಂದ ಮೊದಲ ಮೊಟ್ಟೆ ಕಂಡ ತಕ್ಷಣ ಉಳಿದ ನಾರನ್ನೆಲ್ಲ ಎತ್ತಿಡುತ್ತೇನೆ. ಜೋಡಿಗೊಂದರಂತೆ ಇದ್ದ ಕುಡಿಕೆಗಳನ್ನೂ ಎಂಟಕ್ಕೆ ಏರಿಸಿ, ಎಲ್ಲವನ್ನೂ ಒಂದೇ ಎತ್ತರದಲ್ಲಿ ಕಟ್ಟಿದೆ. ಮೇಲಿನ ಕುಡಿಕೆಗೆ ನಡೆಯುತ್ತಿದ್ದ ಜಗಳ ನಿಂತಿತು.

ದಿನಕ್ಕೊಂದರಂತೆ ನಾಲ್ಕೈದು ಮೊಟ್ಟೆ. ಗಂಡು ಹೆಣ್ಣು ಇಬ್ಬರೂ ಸರದಿ ಮೇಲೆ ಕಾವು ಕೂರುತ್ತವೆ. ವಾರವಾದ ಮೇಲೆ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ, ಒಳಗೆ ಕೂದಲಿನಂಥ ಕೆಂಪು ಎಳೆಗಳು! ಹದಿಮೂರನೇ ದಿನ ಕುಡಿಕೆಯೊಳಗೆ ಸಣ್ಣಗೆ ಕಿಚ್ ಕಿಚ್. ಮರಿ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ ಅನ್ನಿಸಿತು. ಸುಮಾರು ಇಪ್ಪತ್ತು ದಿನಕ್ಕೆ ಹೊರಗೆ ಹಾರಿ ಬಂದವು, ಕೊಕ್ಕು ಇದ್ದಿಲಿನಂತೆ ಕಪ್ಪು. ಅಪ್ಪ ಅಮ್ಮ ಇನ್ನೂ ಎರಡು ವಾರ ತಿನ್ನಿಸುತ್ತಿದ್ದವು. ಅವು ತಾವೇ ಕಾಳು ಬಿಡಿಸಿ ತಿನ್ನುವವರೆಗೆ ಬೇರೆ ಮಾಡಬಾರದು.

ಊಟ ನವಣೆ, ಸಾಮೆ, ಸ್ವಲ್ಪ ಕೊತ್ತಂಬರಿ ಸೊಪ್ಪು. ಮರಿ ಇದ್ದಾಗ ಬೇಯಿಸಿದ ಕೋಳಿಮೊಟ್ಟೆ ಹಿಸುಕಿ ಇಡುತ್ತೇನೆ, ಎರಡು ಗಂಟೆಯಲ್ಲಿ ತೆಗೆದುಬಿಡುತ್ತೇನೆ, ಹಳಸುತ್ತದೆ. ಸುಣ್ಣದಂಶಕ್ಕೆ ಸಮುದ್ರ ನೊರೆ (ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ಸದಾ ನೇತಾಡುತ್ತಿರಬೇಕು. ಅದಿಲ್ಲದೆ ಒಂದು ಚಳಿಗಾಲದಲ್ಲಿ ಮೊಟ್ಟೆ ಹೊರಬರದೆ ಹೊಟ್ಟೆಯಲ್ಲೇ ಸಿಕ್ಕಿಕೊಂಡು ಒಂದು ಹೆಣ್ಣು ಸತ್ತುಹೋಯಿತು. ಇನ್ನೊಂದು ಮೋಸ ಕಾಳಿನ ಬಟ್ಟಲಿನದು. ತುಂಬಿದಂತೆಯೇ ಕಾಣುತ್ತದೆ, ಉಫ್ ಎಂದು ಊದಿದರೆ ಎಲ್ಲ ಹೊಟ್ಟು! ದಿನಾ ಊದಿ ನೋಡದೆ ನಾನು ಕೆಳಗಿಳಿಯುವುದಿಲ್ಲ.

ವರ್ಷಕ್ಕೆ ಎರಡು ಸಲ, ಜಾಸ್ತಿ ಅಂದರೆ ಮೂರು ಸಲ ಮರಿ ಮಾಡಿಸಿ ಕುಡಿಕೆಗಳನ್ನೇ ಬಿಚ್ಚಿಡುತ್ತೇನೆ. ಇಲ್ಲವಾದರೆ ಹೆಣ್ಣು ಸೊರಗಿಹೋಗುತ್ತದೆ. ಅವಕ್ಕೆ ಇದು ಸ್ವಲ್ಪವೂ ಇಷ್ಟವಿಲ್ಲ. ಹೋದ ವಾರ ಒಂದು ಗಂಡು, ಜಾಲರಿಗೆ ತಾಗಿದ್ದ ನನ್ನ ಬನಿಯನ್ನಿನಿಂದ ದಾರ ಎಳೆಯುತ್ತಿತ್ತು. ದಾರ ಕಾಲಿಗೆ ಸುತ್ತಿಕೊಂಡರೆ ಕಷ್ಟ. ಬಟ್ಟೆ ಹಗ್ಗವನ್ನೇ ಟೆರೇಸಿನ ಆಚೆ ಬದಿಗೆ ಕಟ್ಟಿದ್ದೇವೆ.