ಅರ್ಜಿಗೂ ಮೊದಲು ನನ್ನ ಹಿನ್ನೆಲೆಯನ್ನು ನಾನೇ ತನಿಖೆ ಮಾಡಿದೆ: ಕ್ಯಾಲಿಫೋರ್ನಿಯಾದಲ್ಲಿ ಶೆರಿಫ್ ಡೆಪ್ಯುಟಿಯಾದ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಶೆರಿಫ್ ಡೆಪ್ಯುಟಿಯಾಗಿ, ಅಂದರೆ ಕೌಂಟಿಯ ಪೊಲೀಸ್ ಅಧಿಕಾರಿಯಾಗಿ, ನನಗೆ ಈಗ ಆರನೆಯ ವರ್ಷ ನಡೆಯುತ್ತಿದೆ. ಕರ್ನಾಟಕದಲ್ಲಿ ಹುಟ್ಟಿ, ಓದಿ, ಸಾಫ್ಟ್‌ವೇರ್ ಕೆಲಸಕ್ಕೆಂದು ಇಲ್ಲಿಗೆ ಬಂದವನಿಗೆ, ಅದೂ ನಲವತ್ತರ ಹೊಸ್ತಿಲಲ್ಲಿ, ಈ ಕೆಲಸ ದಕ್ಕುವುದಿಲ್ಲವೆಂದು ಇದೇ ವೃತ್ತಿಯಲ್ಲಿದ್ದ ಭಾರತೀಯ ಮೂಲದ ಹಿರಿಯರೇ ನನಗೆ ಹೇಳಿದ್ದರು. ವಯಸ್ಸು ಅವರ ಆಕ್ಷೇಪವಾಗಿರಲಿಲ್ಲ, ಏಕೆಂದರೆ ರಾಜ್ಯದ ಪೊಲೀಸರ ಅರ್ಹತೆ, ತರಬೇತಿಗಳನ್ನು ನಿಗದಿಪಡಿಸುವ ಪೋಸ್ಟ್ ಆಯೋಗದ ನಿಯಮಗಳಲ್ಲಿ ಗರಿಷ್ಠ ವಯೋಮಿತಿಯೇ ಇಲ್ಲ. ಓಟವನ್ನೂ ಗೋಡೆ ಹತ್ತುವುದನ್ನೂ ಕಲಿಯಬಹುದು, ಆದರೆ ಭಾರತದಲ್ಲಿ ಕಳೆದ ವರ್ಷಗಳನ್ನು ನೇಮಕಕ್ಕೂ ಮುನ್ನ ಅಭ್ಯರ್ಥಿಯ ಹಿನ್ನೆಲೆಯನ್ನು ಜಾಲಾಡುವ ಇಲ್ಲಿನ ತನಿಖಾಧಿಕಾರಿ ಪರಿಶೀಲಿಸಲಾರ ಎಂಬುದು ಅವರ ವಾದವಾಗಿತ್ತು. ತೊಡಕನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. ಅದಕ್ಕೆ ಪರಿಹಾರವಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪಲಿಲ್ಲ.

ಮೊದಲ ಅರ್ಜಿಯನ್ನು ಬೇರೊಂದು ಕೌಂಟಿಗೆ ಹಾಕಿದ್ದೆ. ಲಿಖಿತ ಪರೀಕ್ಷೆ, ದೈಹಿಕ ಪರೀಕ್ಷೆ, ಸಂದರ್ಶನ ಮೂರನ್ನೂ ದಾಟಿದ ಮೇಲೆ ಕಡತವು ಎಂಟೊಂಬತ್ತು ತಿಂಗಳು ಅಲುಗಾಡದೆ ಕುಳಿತು, ಕೊನೆಗೆ ಕಾರಣ ತಿಳಿಸದ ಎರಡು ಸಾಲಿನ ಪತ್ರವೊಂದು ಬಂತು. ಅಮೆರಿಕದ ಪೌರತ್ವ ಸಿಕ್ಕ ಬಳಿಕ ನಾನು ಸುಮಾರು ನಾಲ್ಕು ವರ್ಷ ಬೆಂಗಳೂರಿಗೆ ಮರಳಿ ಅಲ್ಲೇ ದುಡಿದಿದ್ದೆ. ಕಡತ ನಿಂತದ್ದು ಆ ನಾಲ್ಕು ವರ್ಷಗಳ ಮೇಲೆಯೇ. ನಾನು ಕೆಲಸ ಮಾಡಿದ ಕಂಪನಿ ಮುಚ್ಚಿಹೋಗಿತ್ತು, ಮನೆಯ ಮಾಲೀಕರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಇಲ್ಲಿಂದ ಕರೆ ಹೋದಾಗಲೆಲ್ಲ ಅಲ್ಲಿ ನಡುರಾತ್ರಿಯಾಗಿರುತ್ತಿತ್ತು. ಒಂದು ಕಡೆ ತಿರಸ್ಕೃತನಾದರೆ ಮುಂದಿನ ಪ್ರತಿಯೊಂದು ಅರ್ಜಿಯಲ್ಲೂ ಅದನ್ನು ನಮೂದಿಸಲೇಬೇಕು. ಆದ್ದರಿಂದ ಎರಡನೆಯ ಅರ್ಜಿಯನ್ನು ಹಾಕುವ ಮೊದಲು, ನನ್ನ ಮೇಲೆ ನಾನೇ ಪೂರ್ಣ ಪ್ರಮಾಣದ ಹಿನ್ನೆಲೆ ತನಿಖೆಯನ್ನು ನಡೆಸಿ ಮುಗಿಸಬೇಕೆಂದು ತೀರ್ಮಾನಿಸಿದೆ.

ಪೋಸ್ಟ್‌ನ 2-251 ನಮೂನೆಯ, ಅಂದರೆ ಅಭ್ಯರ್ಥಿಯ ವೈಯಕ್ತಿಕ ಇತಿಹಾಸದ ಪ್ರಶ್ನಾವಳಿಯ, ಹತ್ತು ವಿಭಾಗಗಳಿಗೂ ಒಂದೊಂದು ಕಡತ ತೆರೆದು, ಪ್ರತಿಯೊಂದು ಉತ್ತರಕ್ಕೂ ಕಾಗದದ ಸಾಕ್ಷ್ಯವೊಂದು, ಮಾತನಾಡಬಲ್ಲ ಮನುಷ್ಯರೊಬ್ಬರು, ಹೀಗೆ ಎರಡೆರಡು ಆಧಾರಗಳನ್ನು ಹುಡುಕುತ್ತಾ ಹೋದೆ. ಇದಕ್ಕೆ ಹೆಚ್ಚುಕಡಿಮೆ ಒಂದೂವರೆ ವರ್ಷ ಹಿಡಿಯಿತು. ಮುಚ್ಚಿಹೋದ ಕಂಪನಿಯ ವಿಷಯದಲ್ಲಿ ನನ್ನನ್ನು ಕಾಪಾಡಿದ್ದು ಭವಿಷ್ಯ ನಿಧಿಯ ಪಾಸ್‌ಬುಕ್. ಉದ್ಯೋಗದಾತರು ತಿಂಗಳು ತಿಂಗಳೂ ಕಟ್ಟಿದ ವಂತಿಗೆ ಅದರಲ್ಲಿ ಸರ್ಕಾರಿ ದಾಖಲೆಯಾಗಿ ಉಳಿದಿರುವುದರಿಂದ, ಅದಕ್ಕೆ ಫಾರಂ 16 ಅನ್ನು ಜೋಡಿಸಿದರೆ ಉದ್ಯೋಗದ ಅವಧಿಯ ಬಗ್ಗೆ ಯಾರೂ ತಕರಾರು ಎತ್ತುವಂತಿಲ್ಲ. ಬಾಡಿಗೆ ಮನೆಗಳದ್ದು ಇನ್ನೂ ಜಟಿಲವಾಗಿತ್ತು. ಹನ್ನೊಂದು ತಿಂಗಳ ಕರಾರನ್ನು ನಾವು ಯಾರು ತಾನೆ ನೋಂದಾಯಿಸುತ್ತೇವೆ? ಬಾಡಿಗೆಯನ್ನು ನಗದಾಗಿ ಕೊಟ್ಟಿದ್ದರಿಂದ ಬ್ಯಾಂಕಿನಲ್ಲೂ ಗುರುತಿರಲಿಲ್ಲ. ಕೊನೆಗೆ ಅಡುಗೆ ಅನಿಲದ ಪುಸ್ತಕ, ಮಗಳ ಶಾಲೆಯ ಶುಲ್ಕದ ರಸೀದಿ, ಬೆಸ್ಕಾಂ ಬಿಲ್ಲುಗಳನ್ನು ತಿಂಗಳುವಾರು ಜೋಡಿಸಿ, ಬನಶಂಕರಿ ಮತ್ತು ರಾಜಾಜಿನಗರದ ಎರಡೂ ವಿಳಾಸಗಳನ್ನು ರುಜುವಾತುಪಡಿಸಿದೆ.

ಹೆಸರಿನ ಗೋಜಲು ಕನ್ನಡಿಗರಿಗೆ ವಿಶೇಷವಾಗಿ ಕಾಡುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು, ಇಲ್ಲಿನ ದಾಖಲೆಗಳಲ್ಲಿ ಅದೇ ಕುಟುಂಬದ ಹೆಸರು ಎಂದಾದಾಗ, ತನಿಖಾಧಿಕಾರಿಯ ಕಣ್ಣಿಗೆ ಅವರು ಮೂವರು ಬೇರೆ ಬೇರೆ ವ್ಯಕ್ತಿಗಳು. ಇವರೆಲ್ಲ ಒಬ್ಬನೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ, ಕಾನ್ಸುಲೇಟ್ ಮೂಲಕ ಪಡೆದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಜೊತೆಗೆ ಮೊದಲ ಪುಟದಲ್ಲೇ ಇಟ್ಟೆ. ಹಣಕಾಸಿನ ವಿಭಾಗದಲ್ಲಿ ಭಾವಮೈದುನನಿಗೆ ಕೊಟ್ಟ ಕೈಗಡವನ್ನೂ, ಗೆಳೆಯರೊಡನೆ ಹಾಕಿದ್ದ ಚೀಟಿಯನ್ನೂ ಬಿಡದೆ ಬರೆದೆ. ತಂದೆಯವರೊಂದಿಗಿನ ಜಂಟಿ ಖಾತೆಯಿಂದಾಗಿ ನನ್ನ ವಿದೇಶಿ ಖಾತೆಗಳ ಮೊತ್ತ ಹತ್ತು ಸಾವಿರ ಡಾಲರ್ ದಾಟಿದ್ದ ವರ್ಷಗಳಲ್ಲಿ ಅಮೆರಿಕ ಸರ್ಕಾರಕ್ಕೆ ಸಲ್ಲಿಸಿದ ವಿದೇಶಿ ಖಾತೆ ವರದಿಯಾದ ಎಫ್‌ಬಿಎಆರ್ ಪ್ರತಿಗಳನ್ನೂ ಲಗತ್ತಿಸಿದೆ. ಊರಿನಲ್ಲಿ ಮಾತನಾಡಬಲ್ಲವರ ಪಟ್ಟಿಯನ್ನು ಕೊಡುವಾಗ, ಪ್ರತಿಯೊಬ್ಬರ ಎದುರು ಇಲ್ಲಿನ ಗಡಿಯಾರದ ಪ್ರಕಾರ ಯಾವ ವೇಳೆಗೆ ಕರೆ ಮಾಡಬೇಕು, ಇಂಗ್ಲಿಷ್ ಬಾರದಿದ್ದರೆ ಪಕ್ಕದಲ್ಲಿ ಯಾರಿರುತ್ತಾರೆ ಎಂಬುದನ್ನೂ ಬರೆದೆ. ಈ ಕಡತಗಳನ್ನು ಯಾವ ಕ್ರಮದಲ್ಲಿ, ತನಿಖೆಯ ಯಾವ ಹಂತದಲ್ಲಿ ಕೈಗೆ ಕೊಟ್ಟೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಪರಿಶ್ರಮದ ಗಳಿಕೆ. ಎರಡನೆಯ ತನಿಖೆ ಮೂರು ತಿಂಗಳೊಳಗೆ ಮುಗಿಯಿತು. ಅಷ್ಟು ಅಚ್ಚುಕಟ್ಟಾದ ಕಡತವನ್ನು ತಾನು ನೋಡಿಲ್ಲವೆಂದು ತನಿಖಾಧಿಕಾರಿ ಹೇಳಿದ ಮಾತು ನನಗೆ ಇಂದಿಗೂ ಹೆಮ್ಮೆಯದು.

ವಿದ್ಯಾರ್ಹತೆಯ ಬಗ್ಗೆಯೂ ಹೇಳಬೇಕು. ನನ್ನದು ಕರ್ನಾಟಕದ ಬಿ.ಇ. ಪದವಿ, ಅಮೆರಿಕದ ಹೈಸ್ಕೂಲು ಅಥವಾ ಇಲ್ಲಿ ಮಾನ್ಯತೆ ಪಡೆದ ಕಾಲೇಜಿನ ಪದವಿ ಇಲ್ಲದ ಕಾರಣ ಅದರ ಮೌಲ್ಯಮಾಪನ ಪತ್ರವೊಂದರಿಂದಲೇ ಕೆಲಸವಾಗುವುದಿಲ್ಲವೆಂದು ಮೊದಲ ಸಲವೇ ತಿಳಿದಿತ್ತು. ನಾನು ವಾದಕ್ಕೆ ಇಳಿಯದೆ, ಹೈಸ್ಕೂಲು ಮುಗಿಸಿದ್ದಕ್ಕೆ ಸಮವೆಂದು ಪರಿಗಣಿಸುವ ಜಿಇಡಿ ಪರೀಕ್ಷೆಯನ್ನು ಬರೆದೆ. ನಾಲ್ಕು ವಿಷಯಗಳು, ಪ್ರತಿಯೊಂದರಲ್ಲೂ ಉತ್ತೀರ್ಣರಾಗಲು 145 ಅಂಕ. ಸಮಾಜ ವಿಜ್ಞಾನಕ್ಕೆ ಮಾತ್ರ ಕೆಲವು ವಾರ ಓದಬೇಕಾಯಿತು, ಮತ್ತು ಆ ಓದು ಪೊಲೀಸ್ ತರಬೇತಿ ಅಕಾಡೆಮಿಯ ಸಂವಿಧಾನದ ಪಾಠಗಳಿಗೆ ಒದಗಿಬಂತು. ಪೌರತ್ವದ ನಿಯಮ 2023ರಿಂದ ಬದಲಾಗಿ, ಕೆಲಸ ಮಾಡುವ ಕಾನೂನುಬದ್ಧ ಹಕ್ಕಿದ್ದರೆ ಸಾಕೆಂದಾಗಿದೆ. ವಿದ್ಯಾರ್ಹತೆಯ ವಿಷಯದಲ್ಲಿ ಅಂಥ ಸಡಿಲಿಕೆಯನ್ನು ಯಾರೂ ನಿರೀಕ್ಷಿಸಬಾರದು.

ಲಿಖಿತ ಪರೀಕ್ಷೆಯಾದ ಪೆಲೆಟ್‌ಬಿಯಲ್ಲಿ ನಮ್ಮವರು ಎಡವುವುದು ಕ್ಲೋಜ್ ಭಾಗದಲ್ಲಿ. ಪ್ರತಿ ಏಳನೆಯ ಪದವನ್ನು ತೆಗೆದು ಅಕ್ಷರಗಳ ಸಂಖ್ಯೆಯಷ್ಟೇ ಗೆರೆಗಳನ್ನು ಬಿಟ್ಟಿರುವ ಆ ಬರಹವನ್ನು ತುಂಬಿಸಲು ಪಠ್ಯಪುಸ್ತಕದ ಇಂಗ್ಲಿಷ್ ಸಾಲದು. ನನ್ನ ಮೊದಲ ಟಿ-ಸ್ಕೋರ್ (ಐವತ್ತನ್ನು ಸರಾಸರಿಯಾಗಿಟ್ಟು ಕೊಡುವ ಅಂಕ) ನಲವತ್ತೈದರ ಆಸುಪಾಸಿನಲ್ಲಿತ್ತು. ಬಳಿಕ ಸ್ಥಳೀಯ ಪತ್ರಿಕೆಗಳ ಅಪರಾಧ ವರದಿಗಳನ್ನು ಮುದ್ರಿಸಿ, ಏಳನೆಯ ಪದಗಳನ್ನೆಲ್ಲ ಹೆಂಡತಿಯಿಂದ ಅಳಿಸಿ, ದಿನಕ್ಕೊಂದರಂತೆ ತುಂಬುತ್ತಾ ಹೋದೆ. ಮುಂದಿನ ಬಾರಿ ಅದು ಅರವತ್ತರ ಹತ್ತಿರಕ್ಕೆ ಬಂತು.

ದೈಹಿಕ ಪರೀಕ್ಷೆಯ 165 ಪೌಂಡಿನ ಬೊಂಬೆಯನ್ನು 32 ಅಡಿ ಎಳೆಯುವುದಕ್ಕೆ, ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಎಂಟನ್ನು ಹಳೆಯ ಜಮಖಾನದಲ್ಲಿ ಸುತ್ತಿ ಹಿತ್ತಲಲ್ಲಿ ಅಭ್ಯಾಸ ಮಾಡಿದೆ. ಅಕ್ಕಿಯ ಚೀಲಗಳು ಒಳಗೆ ಜಾರುವುದರಿಂದ ನಿಜವಾದ ಬೊಂಬೆಗಿಂತ ಅದು ಕಷ್ಟ, ಹಾಗಾಗಿಯೇ ಒಳ್ಳೆಯ ಅಭ್ಯಾಸ. ನನಗೆ ತೊಡಕಾದದ್ದು ಆರು ಅಡಿಯ ಗಟ್ಟಿ ಗೋಡೆ. ತೋಳಿನ ಬಲಕ್ಕಾಗಿ ತಿಂಗಳುಗಟ್ಟಲೆ ದಣಿದರೂ ಫಲವಿರಲಿಲ್ಲ. ಕೊನೆಯ ಎರಡು ಹೆಜ್ಜೆಗಳ ಅಳತೆಯನ್ನು ಬದಲಾಯಿಸಿದ ಮೇಲೆ ಒಂದೇ ವಾರದಲ್ಲಿ ಕೈಗೆ ಹತ್ತಿತು. ಓಟಕ್ಕೆ ಮುನ್ನ ರಾಗಿ ಗಂಜಿ ಕುಡಿದರೆ 500 ಗಜದ ವೇಳೆ ಇಳಿಯುವುದೇ ಎಂದು ಒಂದು ಋತುವಿಡೀ ಬರೆದಿಟ್ಟು ನೋಡಿದೆ. ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ, ಹೊಟ್ಟೆ ಹಗುರವಾಗಿರುವುದಂತೂ ದಿಟ.

ಹಣದ ಲೆಕ್ಕವನ್ನು ಮುಚ್ಚಿಡುವುದಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷದ ಅರವತ್ತು ಸಾವಿರ ಡಾಲರ್ ಬರುತ್ತಿತ್ತು. ಅಕಾಡೆಮಿಯಲ್ಲಿ ತರಬೇತಿ ಪಡೆಯುವ ಕೆಡೆಟ್ ಆದಾಗ ಅದು ತೊಂಬತ್ತು ಸಾವಿರದ ಆಸುಪಾಸಿಗೆ ಇಳಿಯಿತು. ಬೂಟು, ಸಮವಸ್ತ್ರದ ಪರಿಕರ, ಅಭ್ಯಾಸದ ಗುಂಡುಗಳಿಗೆ ಕೈಯಿಂದ ಎರಡು ಸಾವಿರದಷ್ಟು ಹೋಯಿತು. ಸ್ವಂತ ಖರ್ಚಿನಲ್ಲಿ ಅಕಾಡೆಮಿ ಮುಗಿಸಿ ನಂತರ ಕೆಲಸ ಹುಡುಕು ಎಂದು ಸಲಹೆ ಕೊಟ್ಟವರಿದ್ದರು, ಆದರೆ ಮನೆ ಸಾಲವಿರುವವನು ಆರು ತಿಂಗಳು ಸಂಬಳವಿಲ್ಲದೆ ಇರುವುದು ನನ್ನ ಮಟ್ಟಿಗೆ ಸಾಧ್ಯವಿರಲಿಲ್ಲ. ಮೂರನೆಯ ವರ್ಷದಿಂದ ಹೆಚ್ಚುವರಿ ಪಾಳಿಗಳ ಒಂದೂವರೆ ಪಟ್ಟು ವೇತನ ಸೇರಿ ಹಳೆಯ ಆದಾಯದ ಹತ್ತಿರಕ್ಕೆ ಬಂದಿದ್ದೇನೆ. 2013ರ ನಂತರ ಸೇರಿದ ನಮ್ಮ ವರ್ಗಕ್ಕೆ 57ನೆಯ ವಯಸ್ಸಿಗೆ ನಿವೃತ್ತರಾದರೆ ಸೇವೆಯ ಪ್ರತಿ ವರ್ಷಕ್ಕೂ ವೇತನದ ಶೇಕಡಾ 2.7ರ ಸೂತ್ರದ ಪಿಂಚಣಿ. ತಡವಾಗಿ ಸೇರಿದವನಿಗೆ ಅದು ದೊಡ್ಡ ಮೊತ್ತವಾಗದು. ಆ ಕೊರತೆಯನ್ನು ಹಳೆಯ ಕೆಲಸದಲ್ಲಿ ಕೂಡಿಟ್ಟ 401(ಕೆ) ನಿವೃತ್ತಿ ಉಳಿತಾಯ ತುಂಬಬೇಕು.

ರಾಜ್ಯದ ನಿಯಮದಂತೆ ಅಕಾಡೆಮಿ ಕನಿಷ್ಠ 664 ಗಂಟೆ. ನಮ್ಮದು ಅದಕ್ಕಿಂತ ಬಹಳ ಹೆಚ್ಚಿತ್ತು. ವರದಿ ಬರವಣಿಗೆಯಲ್ಲಿ ತಂಡಕ್ಕೇ ಮೊದಲಿಗನಾದೆ. ಅನಂತರ ಸಿಕ್ಕ ಕೆಲಸ, ನಿರೀಕ್ಷೆಯಂತೆ, ಕೌಂಟಿ ಜೈಲು. 2011ರ ಎಬಿ 109 ಕಾಯ್ದೆಯ ನಂತರ ದೀರ್ಘ ಶಿಕ್ಷೆಯವರಲ್ಲೂ ಹಲವರು ರಾಜ್ಯದ ಸೆರೆಮನೆಯ ಬದಲು ಇಲ್ಲೇ ಉಳಿಯುವುದರಿಂದ, ಬಂದಿಗಳಲ್ಲಿ ಕೆಲವರಿಗೆ ಆ ಮಾಡ್ಯೂಲ್, ಅಂದರೆ ಕೋಣೆಗಳ ಆ ವಿಭಾಗ, ನನಗಿಂತ ಚೆನ್ನಾಗಿ ಗೊತ್ತಿತ್ತು. ಗಂಟೆಗೊಮ್ಮೆಯಾದರೂ ಪ್ರತಿ ಕೋಣೆಯೊಳಗೆ ಕಣ್ಣಾರೆ ನೋಡಬೇಕೆಂಬ ರಾಜ್ಯ ನಿಯಮಾವಳಿಯ, ಜೈಲುಗಳ ಕುರಿತ ಟೈಟಲ್ 15ರ ನಿಯಮವನ್ನು ಹಲವರು ಹಾಜರಿ ಗುಂಡಿ ಒತ್ತುವ ಕೆಲಸವೆಂದು ಭಾವಿಸುತ್ತಾರೆ. ನಾನು ಪ್ರತಿ ಸುತ್ತಿನಲ್ಲೂ ಎದೆ ಏರಿಳಿಯುವುದನ್ನು ಕಂಡೇ ಮುಂದೆ ಹೋಗುತ್ತಿದ್ದೆ, ಮತ್ತು ಅದರಿಂದಾಗಿ ಒಂದು ರಾತ್ರಿ ಒಬ್ಬ ಯುವಕನಿಗೆ ಸಮಯಕ್ಕೆ, ಅಫೀಮು ಬಗೆಯ ಮಾದಕದ ಅತಿಸೇವನೆಗೆ ಮದ್ದಾದ ನಲೋಕ್ಸೋನ್ ಕೊಡಲು ಸಾಧ್ಯವಾಯಿತು. ಕೂಗಾಟವಿರುವ ಮಾಡ್ಯೂಲನ್ನು ಧ್ವನಿ ಏರಿಸದೆ ಶಾಂತಗೊಳಿಸುವ ಒಂದು ಬಗೆಯೂ ನನಗೆ ಸಿದ್ಧಿಸಿದೆ. ಅದು ಜೊತೆಯಲ್ಲಿ ನಿಂತು ನೋಡಿಯೇ ಕಲಿಯಬೇಕಾದದ್ದು.

ನಾಲ್ಕು ವರ್ಷಗಳ ಬಳಿಕ, ಪೊಲೀಸ್ ಸೇವೆಗಾಗಿ ಕೌಂಟಿಯೊಡನೆ ಒಪ್ಪಂದ ಮಾಡಿಕೊಂಡಿರುವ ನಗರವೊಂದರ ಗಸ್ತಿಗೆ ಬಂದೆ. ಗಸ್ತಿನಲ್ಲೇ ಹಿರಿಯ ಅಧಿಕಾರಿಯೊಬ್ಬರು ಅಂಕ ಕೊಡುತ್ತಾ ನಡೆಸುವ ಕ್ಷೇತ್ರ ತರಬೇತಿಯಲ್ಲಿ ನನ್ನ ಉಚ್ಚಾರಣೆಯೇ ಸೋಲಿಗೆ ಕಾರಣವಾಗುವುದೆಂದು ಕೆಲವರು ಹೇಳಿದ್ದರು. ಅದಕ್ಕಾಗಿ ಜೈಲಿನ ವರ್ಷಗಳಲ್ಲೇ, ದಿನವೂ ಹೆದ್ದಾರಿಯಲ್ಲಿ ಮುಂದೆ ಹೋಗುವ ಕಾರುಗಳ ನಂಬರನ್ನು, ಪೊಲೀಸ್ ರೇಡಿಯೋದಲ್ಲಿ ಎ, ಬಿ, ಸಿ ಅಕ್ಷರಗಳಿಗೆ ಬಳಸುವ ಆಡಮ್, ಬಾಯ್, ಚಾರ್ಲ್ಸ್ ಎಂಬ ಪದಗಳಲ್ಲಿ ಗಟ್ಟಿಯಾಗಿ ಓದುತ್ತಾ ಹೋಗಿದ್ದೆ. ವಿ ಮತ್ತು ಡಬ್ಲ್ಯು ನಮ್ಮ ಬಾಯಲ್ಲಿ ಒಂದೇ ಆಗಿಬಿಡುತ್ತವೆ, ಆದರೆ ವಿಕ್ಟರ್ ಮತ್ತು ವಿಲಿಯಂ ಎಂದಾಗ ಯಾವ ಗೊಂದಲವೂ ಇರುವುದಿಲ್ಲ. ರೇಡಿಯೋ ವಿಭಾಗದಲ್ಲಿ ನನಗೆ ಕಡಿಮೆ ಅಂಕ ಬಂದದ್ದು ಮೊದಲ ವಾರಗಳಲ್ಲಿ ಮಾತ್ರ, ಅದೂ ವೇಗಕ್ಕಾಗಿ. ಮಗನ ಮನೆಗೆ ಬಂದಿದ್ದ ವೃದ್ಧರೊಬ್ಬರು ಸಂಜೆಯ ನಡಿಗೆಯಲ್ಲಿ ದಾರಿ ತಪ್ಪಿ ಕುಳಿತಿದ್ದಾಗ ಅವರೊಡನೆ ಕನ್ನಡದಲ್ಲೇ ಮಾತನಾಡಿ, ಮನೆಯ ಎದುರಿನ ಉದ್ಯಾನದ ಗುರುತು ತಿಳಿದು, ಅರ್ಧ ಗಂಟೆಯೊಳಗೆ ಅವರನ್ನು ತಲುಪಿಸಿದ್ದೂ ಇದೇ ಗಸ್ತಿನಲ್ಲಿ.

ಈಗ ನನ್ನ ಕಡತದ ಮಾದರಿಯನ್ನು ಹಿಡಿದು ನಮ್ಮವರೇ ಮೂವರು ಅರ್ಜಿ ಹಾಕಿದ್ದಾರೆ. ಒಬ್ಬರು ತನಿಖೆಯನ್ನು ದಾಟಿ ಮನಶ್ಶಾಸ್ತ್ರೀಯ ಪರೀಕ್ಷೆಗೆ ಕಾಯುತ್ತಿದ್ದಾರೆ. ಇನ್ನೊಬ್ಬರ ಭವಿಷ್ಯ ನಿಧಿಯ ಖಾತೆಯಲ್ಲಿ ತಂದೆಯ ಹೆಸರು ತಪ್ಪಾಗಿದ್ದು, ಅದರ ತಿದ್ದುಪಡಿ ಮುಗಿಯುವವರೆಗೆ ನಮೂನೆಯನ್ನು ಸಲ್ಲಿಸಬೇಡಿ ಎಂದು ತಡೆದಿದ್ದೇನೆ.