ಓಟಗಾರನ ಬಿಗಿದ ಮೈಗೆ ಯೋಗ: ನನ್ನ ಅನುಭವ

ನಾನು ಮೈಸೂರಿನ ಹವ್ಯಾಸಿ ಓಟಗಾರ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ವರ್ಷಗಟ್ಟಲೆ ಓಡಿದ್ದರಿಂದ ದಮ್ಮು ಬಂದಿತ್ತಾದರೂ, ತೊಡೆಯ ಹಿಂಬದಿಯ ಸ್ನಾಯುಗಳು ಎಷ್ಟು ಬಿಗಿದಿದ್ದವೆಂದರೆ, ಮಂಡಿ ಮಡಿಸದೆ ಬಾಗಿದಾಗ ಬೆರಳುಗಳು ಮೀನಖಂಡದಿಂದ ಕೆಳಕ್ಕೆ ಇಳಿಯುತ್ತಿರಲಿಲ್ಲ. ದೂರದ ಓಟದ ಮಾರನೆಯ ದಿನ ನಡು ಹಿಡಿದುಕೊಳ್ಳುತ್ತಿತ್ತು. ಯೋಗ ಕಲಿಯಲು ಹೋದದ್ದು ಈ ಕಾರಣಕ್ಕೆ.

1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದ ಊರಿದು. ಅವರ ಶಿಷ್ಯರಲ್ಲಿ ಪಟ್ಟಾಭಿ ಜೋಯಿಸರ ಪದ್ಧತಿ ಉಸಿರಿನೊಡನೆ ಆಸನದಿಂದ ಆಸನಕ್ಕೆ ಸಾಗುತ್ತದೆ; ಬಿ.ಕೆ.ಎಸ್. ಅಯ್ಯಂಗಾರರದು ಒಂದೇ ಆಸನದಲ್ಲಿ ಹೆಚ್ಚು ಹೊತ್ತು ನಿಲ್ಲಿಸಿ, ಬೆಲ್ಟು, ಕಂಬಳಿ, ಗೋಡೆಗಳ ಆಸರೆಯಿಂದ ಮೈಯನ್ನು ಸರಿಯಾದ ನಿಲುವಿಗೆ ತರುತ್ತದೆ. ನನ್ನ ಗುರುಗಳು ಎರಡನೆಯ ದಾರಿಯವರು. ಮೈ ಬಿಗಿದಿರುವ ಹೊಸಬರಿಗೆ ಇದೇ ತಕ್ಕದ್ದೆಂದು ನಾನು ನಂಬಿದ್ದೇನೆ.

ಅವರು ಮೊದಲು ಹೇಳಿಕೊಟ್ಟದ್ದು ಸುಪ್ತ ಪಾದಾಂಗುಷ್ಠಾಸನ. ಅಂಗಾತ ಮಲಗಿ, ಎಡ ಅಂಗಾಲನ್ನು ಗೋಡೆಗೆ ಒತ್ತಿ, ಬಲ ಅಂಗಾಲಿಗೆ ಬೆಲ್ಟು ಹಾಕಿ, ಮಂಡಿ ಮಡಿಸದೆ ಕಾಲನ್ನು ಮೇಲಕ್ಕೆತ್ತಬೇಕು. ಎಡತೊಡೆ ನೆಲದಿಂದ ಏಳಬಾರದು. ಮೊದಲ ಕೆಲವು ಕ್ಷಣ ತೊಡೆ ನಡುಗುತ್ತದೆ. ಥಟ್ಟನೆ ಎಳೆದರೆ ಸ್ನಾಯುವಿನೊಳಗಿನ ಸಂವೇದಕಗಳು ಬೆನ್ನುಹುರಿಗೆ ಸುದ್ದಿ ಮುಟ್ಟಿಸಿ ಅದನ್ನು ಮತ್ತಷ್ಟು ಸಂಕುಚಿಸುವಂತೆ ಮಾಡುತ್ತವೆ. ನಿಧಾನವಾಗಿ ಉಸಿರು ಬಿಡುತ್ತ ಕಾದರೆ ಆ ಪ್ರತಿರೋಧ ಇಳಿದು, ಬೆಲ್ಟು ತಾನಾಗಿ ತುಸು ಸಡಿಲವಾಗುತ್ತದೆ. ಬಿಗಿದ ಮೈಯವರು ನೇರವಾಗಿ ಪಶ್ಚಿಮೋತ್ತಾನಾಸನಕ್ಕೆ, ಅಂದರೆ ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಆಸನಕ್ಕೆ, ಹೋದರೆ ಸೊಂಟ ಮುಂದಕ್ಕೆ ವಾಲದೆ ಬೆನ್ನು ಗೂನಾಗಿ, ಎಳೆತವೆಲ್ಲ ನಡುವಿನ ಮೇಲೆ ಬೀಳುತ್ತದೆ. ಮಲಗಿ ಮಾಡುವಾಗ ಬೆನ್ನಿಗೆ ನೆಲದ ಆಸರೆಯಿರುತ್ತದೆ. ಕೆಲವು ತಿಂಗಳಲ್ಲಿ ನನ್ನ ನಡುನೋವು ತಗ್ಗಿತು.

ಆದರೂ ನನಗೆ ಹೆಚ್ಚಿನ ಲಾಭ ಕೊಟ್ಟದ್ದು ಒಂಟಿಕಾಲಿನ ಆಸನಗಳೆಂದೇ ಹೇಳಬೇಕು. ಓಡುವಾಗ ಎರಡು ಪಾದಗಳೂ ಒಟ್ಟಿಗೆ ನೆಲದ ಮೇಲಿರುವ ಕ್ಷಣವೇ ಇಲ್ಲವಾದ್ದರಿಂದ, ಪ್ರತಿ ಹೆಜ್ಜೆಯಲ್ಲೂ ಸೊಂಟದ ಪಕ್ಕದ ಸ್ನಾಯುಗಳೇ ಇಡೀ ಮೈಯನ್ನು ವಾಲದಂತೆ ಹಿಡಿಯಬೇಕಾಗುತ್ತದೆ. ವೃಕ್ಷಾಸನ ಮತ್ತು ಮೂರನೆಯ ವೀರಭದ್ರಾಸನ (ಒಂಟಿಕಾಲಿನಲ್ಲಿ ನಿಂತು, ಇನ್ನೊಂದನ್ನು ಹಿಂದಕ್ಕೆ ಚಾಚಿ ಮುಂದಕ್ಕೆ ಬಾಗುವುದು) ಪಳಗಿಸುವುದು ಇವನ್ನೇ. ಇಳಿಜಾರಿನಲ್ಲಿ ನನ್ನ ಮಂಡಿ ಒಳಕ್ಕೆ ವಾಲುವುದು ಕಡಿಮೆಯಾದದ್ದನ್ನು ನನಗಿಂತ ಮೊದಲು ಜೊತೆಗಾರರೇ ಗಮನಿಸಿ ಹೇಳಿದರು.

ಯಾವ ಆಸನವನ್ನು ಯಾವಾಗ ಮಾಡಬೇಕೆಂಬುದು ಕ್ರೀಡಾಪಟುವಿಗೆ ಮುಖ್ಯ. ವೇಗದ ಓಟಕ್ಕೆ ಮೊದಲು ಒಂದೇ ಸ್ನಾಯುವನ್ನು ನಿಮಿಷಕ್ಕೂ ಮೀರಿ ಎಳೆದು ಹಿಡಿದರೆ ಅದರ ಬಲ ಸ್ವಲ್ಪ ಹೊತ್ತು ಕುಗ್ಗುವುದರಿಂದ, ಬೆಳಿಗ್ಗೆ ಕೆಲವು ಸೂರ್ಯನಮಸ್ಕಾರಗಳಷ್ಟೇ ಸಾಕು. ದೀರ್ಘ ಆಸನಗಳನ್ನು ನಾನು ಸಂಜೆಗೆ ಇಟ್ಟುಕೊಂಡಿದ್ದೇನೆ. ಕೊನೆಯಲ್ಲಿ ಗೋಡೆಗೆ ಕಾಲಿಟ್ಟು ಮಲಗಿ, ಒಳಗೆಳೆದದ್ದಕ್ಕಿಂತ ಉದ್ದವಾಗಿ ಉಸಿರು ಬಿಡುತ್ತೇನೆ. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿ ನಿಧಾನವಾಗುತ್ತದೆ, ನಿದ್ದೆಯೂ ಚೆನ್ನಾಗಿ ಹತ್ತುತ್ತದೆ.

ಹಾಗೆಂದು ಓಟಗಾರನಿಗೆ ನರ್ತಕಿಯಷ್ಟು ಬಾಗುವ ಮೈ ಬೇಕಿಲ್ಲ. ಹಿಮ್ಮಡಿಯ ಸ್ನಾಯುರಜ್ಜು ತಕ್ಕಷ್ಟು ಬಿಗುವಾಗಿದ್ದರೇ ಹೆಜ್ಜೆಗೆ ಪುಟಿತ ಬರುವುದು. ಹೆಜ್ಜೆ ಸರಾಗವಾಗುವಷ್ಟು ಸಡಿಲ ಸಿಕ್ಕ ಮೇಲೆ ನಾನು ಬೆಲ್ಟನ್ನು ಇನ್ನಷ್ಟು ಎಳೆಯುವುದನ್ನು ಬಿಟ್ಟು, ಆ ಸಮಯವನ್ನು ವೀರಭದ್ರಾಸನಕ್ಕೆ ಕೊಟ್ಟಿದ್ದೇನೆ. ರಕ್ತದೊತ್ತಡ ಅಥವಾ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು ಶೀರ್ಷಾಸನ ಮತ್ತು ರಭಸದಿಂದ ಉಸಿರು ಹೊರದಬ್ಬುವ ಕಪಾಲಭಾತಿಗಳನ್ನು ವೈದ್ಯರನ್ನು ಕೇಳದೆ ಮಾಡಬಾರದು.